ದೇಗುಲವಿಲ್ಲದ ದೇಗುಲಚಿತ್ರಗಳು

ಅಮೂರ್ತ ಚಿತ್ರಕಲೆ ಶುರು ಮಾಡಿದ್ದು ಯಾರು ಅಂದ್ರೆ ಕಲಾಚರಿತ್ರೆಯ ಪುಸ್ತಕಗಳು ಬಹುಕಾಲ ಹೇಳಿದ್ದು ಕಾಂಡಿನ್ಸ್ಕಿ ಹೆಸರು, 1911ರ ಆಸುಪಾಸು. ಆದರೆ 1906ರಲ್ಲೇ ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಅಂಥ ಚಿತ್ರ ಬರೆಯುತ್ತಿದ್ದರು.

ಹಿಲ್ಮಾ ಸ್ಟಾಕ್‌ಹೋಮಿನ ರಾಯಲ್ ಅಕಾಡೆಮಿಯಲ್ಲಿ ಕಲಿತವರು. ಹೊಟ್ಟೆಪಾಡಿಗೆ ಭೂದೃಶ್ಯ, ಭಾವಚಿತ್ರ. ಶುಕ್ರವಾರ ಬಂತೆಂದರೆ ನಾಲ್ವರು ಗೆಳತಿಯರ ಜತೆ ಪ್ರಾರ್ಥನೆ, ಧ್ಯಾನ, ಆಮೇಲೆ ಆತ್ಮಗಳ ಜತೆ ಮಾತುಕತೆ. ಈ 'ಐವರಿ'ಗೆ ಸಂದೇಶ ಕೊಡುತ್ತಿದ್ದ ಅದೃಶ್ಯ ಗುರುಗಳಲ್ಲಿ ಒಬ್ಬನ ಹೆಸರು ಆನಂದ! ಥಿಯಾಸಫಿಯ ಗಾಳಿ ಅಲ್ಲಿವರೆಗೂ ಬೀಸಿತ್ತು. ಅಮಾಲಿಯೆಲ್ ಎಂಬ ಇನ್ನೊಬ್ಬ ಗುರು ದೇಗುಲಕ್ಕೆ ಚಿತ್ರ ಬೇಕೆಂದಾಗ ಹಿಲ್ಮಾ ಒಪ್ಪಿಕೊಂಡರು. 1915ರ ಹೊತ್ತಿಗೆ 193 ಚಿತ್ರಗಳಾದವು. ಕೆಲವು ಮೂರು ಮೀಟರಿಗಿಂತ ಎತ್ತರ.

ದೇಗುಲ ಮಾತ್ರ ಏಳಲಿಲ್ಲ. ನಾನು ಸತ್ತು 20 ವರ್ಷ ಆಗೋವರೆಗೆ ಇವನ್ನು ತೋರಿಸಬೇಡಿ ಎಂದು ಹೇಳಿ 1944ರಲ್ಲಿ ತೀರಿಕೊಂಡರು. ಗಡುವು ಮುಗಿದ ಮೇಲೂ ಜಗತ್ತಿಗೆ ಆತುರವಿರಲಿಲ್ಲ. ದೆವ್ವದ ಮಾತು ಕೇಳಿ ಬರೆದದ್ದು ಕಲೆ ಹೇಗಾದೀತು ಎಂಬ ಅನುಮಾನ. ತಮಾಷೆ ನೋಡಿ, ಮಾಂಡ್ರಿಯನ್ ಥಿಯಾಸಫಿಕಲ್ ಸೊಸೈಟಿಯ ಸದಸ್ಯ, ಕಾಂಡಿನ್ಸ್ಕಿಗೂ ಅದರ ಸೆಳೆತವಿತ್ತು. ಅವರ ಅಧ್ಯಾತ್ಮ 'ಪ್ರೇರಣೆ' ಆಯ್ತು, ಈಕೆಯದು 'ಭ್ರಮೆ'.

2018ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್‌ನಲ್ಲಿ ಶುರುವಾದ ಪ್ರದರ್ಶನಕ್ಕೆ ಆರು ಲಕ್ಷಕ್ಕೂ ಹೆಚ್ಚು ಜನ ಬಂದರು. ಹಿಲ್ಮಾ ಕನಸಿದ್ದೂ ಸುರುಳಿಯಾಕಾರದ ದೇಗುಲವನ್ನೇ, ಗುಗೆನ್‌ಹೈಮ್ ಕಟ್ಟಡವೂ ಸುರುಳಿಯೇ. ಈಗ ಸಂಶೋಧಕರು ಇನ್ನೊಂದು ಪ್ರಶ್ನೆ ಎತ್ತಿದ್ದಾರೆ: ಆ ಚಿತ್ರಗಳಲ್ಲಿ ಗೆಳತಿ ಆನಾ ಕ್ಯಾಸೆಲ್ ಕೈ ಎಷ್ಟು? ಕಾಂಡಿನ್ಸ್ಕಿ ಜಾಗದಲ್ಲಿ ಹಿಲ್ಮಾರನ್ನು ಕೂರಿಸಿ ಸುಮ್ಮನಾದರೆ, ಉಳಿದ ನಾಲ್ವರು ಮತ್ತೆ ಬಾಗಿಲಾಚೆಯೇ.