ಬೆಂಗಳೂರು–ಮಂಗಳೂರು: ಒಂದು ದೂರದ ಚರಿತ್ರೆ

ಬೆಂಗಳೂರು ಮಂಗಳೂರುಗಳೆರಡೂ ಹೆಚ್ಚುಕಡಮೆ ಒಂದೇ ಅಕ್ಷಾಂಶದ ಮೇಲಿವೆ. ಭೂಪಟದಲ್ಲಿ ನೇರವಾಗಿ ಗೆರೆಯೆಳೆದರೆ ಅವುಗಳ ನಡುವಣ ಅಂತರ ಸುಮಾರು 300 ಕಿಲೋಮೀಟರು. ಹಾಸನ, ಸಕಲೇಶಪುರಗಳ ಮೂಲಕ ಹಾಯುವ ಹೆದ್ದಾರಿಯಲ್ಲಿ ಸುಮಾರು 350. ಅಂಕಿಗಳ ವ್ಯತ್ಯಾಸ ಅಲ್ಪವೇ ಸರಿ. ಆದರೂ ವಿಮಾನವು ಸುಮಾರು ಒಂದು ಗಂಟೆಯಲ್ಲಿ ಮುಗಿಸುವ ಪಯಣಕ್ಕೆ ರಸ್ತೆಯಲ್ಲಿ ಏಳೆಂಟು ಗಂಟೆಗಳು ಹಿಡಿಯುತ್ತವೆ. ಇದನ್ನು ವಾಹನಗಳ ವೇಗದ ಮಾತಾಗಿ ಮಾತ್ರ ಕಂಡು ಕೈಬಿಡುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಸಕಲೇಶಪುರದ ಎತ್ತರ ಸಮುದ್ರಮಟ್ಟದಿಂದ ಸುಮಾರು 900 ಮೀಟರು. ಬೆಂಗಳೂರಿನದೂ ಹೆಚ್ಚುಕಡಮೆ ಅಷ್ಟೆ. ಅಂದರೆ ಪಯಣಿಗನು 220 ಕಿಲೋಮೀಟರು ಸಾಗಿಯೂ ಒಟ್ಟಿನಲ್ಲಿ ಇಳಿದಿರುವುದಿಲ್ಲ. ಇಳಿತದ ಬಹುಭಾಗವೆಲ್ಲ ಮುಂದಿನ ಶಿರಾಡಿ ಘಾಟಿಯ ಕೆಲವೇ ಹರಿದಾರಿಗಳಲ್ಲಿ ಅಡಗಿದೆ. ಕರಾವಳಿಗೆ ಇಳಿಯುವ ಈ ದಾರಿಯ ಬೆಲೆಯನ್ನು ಟಿಪ್ಪು ಸುಲ್ತಾನನು ಬಲ್ಲವನಾಗಿದ್ದನು. ಅವನ ರಾಜ್ಯಕ್ಕೆ ಮಂಗಳೂರು ಮುಖ್ಯವಾದ ರೇವು. ಸಕಲೇಶಪುರದ ಬಳಿಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಆ ಹಾದಿಯ ಕಾವಲು.

1799ರಲ್ಲಿ ಈ ಸಂಬಂಧ ಕಡಿಯಿತು. ಕನ್ನಡ ಜಿಲ್ಲೆಯು ಕಂಪನಿಯ ವಶವಾಗಿ ಮದರಾಸಿನ ಆಡಳಿತಕ್ಕೆ ಸೇರಿತು. ಘಟ್ಟದ ಮೇಲಣ ಸೀಮೆ ಮೈಸೂರು ಒಡೆಯರಿಗೆ ಉಳಿಯಿತು. ಆಡಳಿತವು ಎತ್ತ ಮುಖಮಾಡಿತೋ ದಾರಿಯೂ ಅತ್ತಲೇ ತಿರುಗಿತೆಂಬುದಕ್ಕೆ ರೈಲುಮಾರ್ಗವೇ ಸಾಕ್ಷಿ. 1907ರಲ್ಲಿ ಅದು ಮಂಗಳೂರನ್ನು ಮುಟ್ಟಿದ್ದು ಘಟ್ಟವನ್ನಿಳಿದಲ್ಲ, ಮಲಬಾರಿನ ಕರಾವಳಿಯನ್ನು ಹಿಡಿದು. ಅಂದಿನಿಂದ ಮಂಗಳೂರಿನವನು ರೈಲಿನಲ್ಲೇ ಬೆಂಗಳೂರನ್ನು ಸೇರಬೇಕಾದರೆ ಪಾಲಕ್ಕಾಡು, ಜೋಲಾರಪೇಟೆಗಳನ್ನು ಬಳಸಿ, ರಸ್ತೆಯ ಎರಡರಷ್ಟಕ್ಕೂ ಮಿಗಿಲಾದ ದೂರವನ್ನು ಕ್ರಮಿಸಬೇಕಾಯಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ಬಜ್ಪೆಯ ವಿಮಾನನಿಲ್ದಾಣ ತೆರೆದುದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಡಕೋಟ ವಿಮಾನದಲ್ಲಿ ಅಲ್ಲಿಗೆ ಬಂದಿಳಿದರು. ಕಾಸರಗೋಡನ್ನುಳಿದ ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿದ್ದು 1956ರಲ್ಲಿ. ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣಗೊಂಡುದಾದರೋ 1979ರಲ್ಲಿ! ರಾಜ್ಯಕ್ಕೂ ರೈಲಿಗೂ ನಡುವೆ ಇಪ್ಪತ್ತಮೂರು ವರ್ಷಗಳು. ಏಕೀಕರಣದ ಕಥೆಯನ್ನು ಭಾಷೆಯೊಂದರಿಂದಲೇ ಹೇಳಿ ಮುಗಿಸುವವರು ಈ ಅಂತರಕ್ಕೆ ತಕ್ಕಷ್ಟು ಗಮನವಿತ್ತಿಲ್ಲವೆಂದು ತೋರುತ್ತದೆ. ರಾಜಧಾನಿಯ ಕಚೇರಿಗಾಗಲಿ ನ್ಯಾಯಾಲಯಕ್ಕಾಗಲಿ ಹೋಗಬೇಕಾದ ಕರಾವಳಿಯ ಸಾಮಾನ್ಯನಿಗೆ ಅದುವರೆಗೆ ಘಾಟಿಯ ರಸ್ತೆಯೇ ಗತಿಯಾಗಿತ್ತು. ವಿಮಾನದ ಒಂದು ಗಂಟೆ ಅವನದಾಗಿರಲಿಲ್ಲ.

ಬಂದ ರೈಲೂ ನಿರಾತಂಕವಾಗಿರಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರುಗಳಲ್ಲಿ 57 ಸುರಂಗಗಳಿವೆ. ಹಳಿಯನ್ನು ಅಗಲಗೊಳಿಸಲು 1996ರಲ್ಲಿ ನಿಂತ ಸಂಚಾರ ಪ್ರಯಾಣಿಕರಿಗೆ ಮರಳಿ ದೊರೆತುದು 2007ರ ಡಿಸೆಂಬರಿನಲ್ಲಿ. ಮರುವರ್ಷ ಬೆಂಗಳೂರಿನ ವಿಮಾನನಿಲ್ದಾಣವು ದೇವನಹಳ್ಳಿಗೆ ಸರಿದುದರಿಂದ, ಆಕಾಶದ ಕಾಲ ಬೆಳೆಯದಿದ್ದರೂ ನೆಲದ ಮೇಲಿನ ಕಾಲ ಬೆಳೆಯಿತು.

ಇನ್ನು ಮಳೆಗಾಲದ ಮಾತು. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆಗಳ ರಸ್ತೆಗಳೂ ಘಟ್ಟದ ರೈಲುಹಾದಿಯೂ ಭೂಕುಸಿತದಿಂದ ಮುಚ್ಚಿದುವು. 2024ರ ಜುಲೈಯಲ್ಲಿ ಸಕಲೇಶಪುರದಾಚೆ ಗುಡ್ಡ ಮತ್ತೆ ಜರಿದು, ರಸ್ತೆ ರೈಲುಗಳೆರಡಕ್ಕೂ ಅಡ್ಡಿಯಾಯಿತು.