ಕೆರೆ ಬಳಕೆದಾರರ ಸಂಘ

ಕೆರೆ ಬಳಕೆದಾರರ ಸಂಘವು ಒಂದು ಕೆರೆಯನ್ನೂ ಅದಕ್ಕೆ ನೀರು ಹರಿದುಬರುವ ಜಲಾನಯನ ಪ್ರದೇಶವನ್ನೂ ನೋಡಿಕೊಳ್ಳಲು, ಆ ಕೆರೆಯನ್ನು ಆಶ್ರಯಿಸಿದ ಗ್ರಾಮಸ್ಥರು ರಚಿಸಿಕೊಳ್ಳುವ ಸಂಸ್ಥೆಯಾಗಿದೆ. ಕರ್ನಾಟಕದಲ್ಲಿ ಇಂತಹ ಸಂಘಗಳು ಹೆಚ್ಚಾಗಿ ರೂಪುಗೊಂಡದ್ದು ವಿಶ್ವ ಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಲ್ಲಿ. ಜಲ ಸಂವರ್ಧನೆ ಯೋಜನಾ ಸಂಘವು ಇದನ್ನು ಅನುಷ್ಠಾನಗೊಳಿಸಿತು. ಯೋಜನೆಗೆ ಒಳಪಟ್ಟ ಜಿಲ್ಲೆಗಳಲ್ಲಿ ಅವಿಭಜಿತ ಕೋಲಾರವೂ ಒಂದು. ಅಲೀಪುರವನ್ನೊಳಗೊಂಡ ಗೌರಿಬಿದನೂರು ತಾಲ್ಲೂಕು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಕೋಲಾರಕ್ಕೆ ಸೇರಿತ್ತು.

ಹಿನ್ನೆಲೆ

ಈ ಭಾಗದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೂಲಕ ಆಂಧ್ರಪ್ರದೇಶಕ್ಕೆ ಸಾಗುವ ಉತ್ತರ ಪಿನಾಕಿನಿಯೂ ಹೆಚ್ಚಿನ ಕಾಲ ಒಣಗಿರುತ್ತದೆ. ಆದುದರಿಂದ ಮಳೆನೀರನ್ನು ಸರಪಳಿಯಂತೆ ಒಂದರ ಕೆಳಗೊಂದು ಕಟ್ಟಿದ ಕೆರೆಗಳಲ್ಲಿ ಹಿಡಿದಿಡಲಾಗುತ್ತಿತ್ತು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ಹೊಣೆ ನೀರಗಂಟಿಯದು. ಅವನಿಗೆ ಸುಗ್ಗಿಯಲ್ಲಿ ಧಾನ್ಯ ಸಲ್ಲುತ್ತಿತ್ತು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕಟ್ಟುಗೊಡಗಿ ಎಂಬ ಭೂಮಿ ದೊರೆಯುತ್ತಿತ್ತು. ಮೈಸೂರು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯತಿಗಳಿಗಾಗಿ ಶಾಸನವನ್ನೇ ಮಾಡಿತ್ತು. ಸ್ವಾತಂತ್ರ್ಯಾನಂತರ ಇನಾಮುಗಳೂ ವಂಶಪಾರಂಪರ್ಯ ಗ್ರಾಮಾಧಿಕಾರಗಳೂ ರದ್ದಾದವು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಉಳಿದವು ಪಂಚಾಯತ್ ವ್ಯವಸ್ಥೆಗೆ ಸೇರಿದವು. ಹೂಳೆತ್ತುವ ವಾಡಿಕೆಯ ಹೊಣೆ ಮಾತ್ರ ಯಾರ ಪಾಲಿಗೂ ಸ್ಪಷ್ಟವಾಗಿ ಉಳಿಯಲಿಲ್ಲ.

ಸದಸ್ಯತ್ವ

ಸಂಘದ ಸದಸ್ಯತ್ವವು ಅಚ್ಚುಕಟ್ಟಿನ ರೈತರಿಗೆ ಸೀಮಿತವಲ್ಲ ಎಂಬುದೇ ಇದರ ಮುಖ್ಯ ಲಕ್ಷಣ. ಮೀನುಗಾರರು, ಅಗಸರು, ಮಣ್ಣು ಒಯ್ಯುವ ಕುಂಬಾರರು, ದನ ಕುರಿ ಸಾಕುವವರು, ಭೂರಹಿತರು, ಮಹಿಳೆಯರು ಎಲ್ಲರೂ ಬಳಕೆದಾರರೆಂದು ಪರಿಗಣಿತರು. ಸೇರುವವರು ಶುಲ್ಕ ತೆರುವುದಲ್ಲದೆ ಕಾಮಗಾರಿಯ ವೆಚ್ಚದಲ್ಲಿ ಒಂದು ಪಾಲನ್ನು ಹಣವಾಗಿ ಅಥವಾ ದುಡಿಮೆಯಾಗಿ ಭರಿಸಬೇಕು. ತೆಗೆದ ಹೂಳನ್ನು ರೈತರು ತಮ್ಮ ಹೊಲಗಳಿಗೆ ಸಾಗಿಸಿಕೊಳ್ಳುತ್ತಾರೆ.

ಇವರೆಲ್ಲರ ಹಿತ ಒಂದೇ ಅಲ್ಲ. ತೂಬು ಬೇಗ ತೆಗೆಯಬೇಕೆಂಬುದು ಗದ್ದೆಯವರ ಅಪೇಕ್ಷೆ. ನೀರು ತಳದಲ್ಲಾದರೂ ನಿಲ್ಲಬೇಕೆಂಬುದು ಮೀನುಗಾರರದು. ಹೂಳು ಬೇಕಾದವರಿಗೆ ಕೆರೆ ಒಣಗಿರಬೇಕು. ಇದಕ್ಕಿಂತ ಕಠಿಣವಾದದ್ದು ಮೇಲ್ಭಾಗದ ಪ್ರಶ್ನೆ: ರಾಜಕಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡವನಿಗೆ ಅಥವಾ ಜಲಾನಯನದಲ್ಲಿ ನೀಲಗಿರಿ ಬೆಳೆಸಿದವನಿಗೆ ಕೆರೆಯ ನೀರಿನ ಅಗತ್ಯವಿರುವುದಿಲ್ಲ, ಆದ್ದರಿಂದ ಸಂಘ ಸೇರಲು ಕಾರಣವೂ ಇರುವುದಿಲ್ಲ. ಕೆರೆ ತುಂಬುವುದು ಮಾತ್ರ ಅವನ ಹೊಲವನ್ನು ದಾಟಿ ಬಂದ ನೀರಿನಿಂದ.

ಕೊಳವೆಬಾವಿ ಮತ್ತು ಸಂಘ

ಗೌರಿಬಿದನೂರು, ಚಿಕ್ಕಬಳ್ಳಾಪುರ ಮತ್ತು ಚಿಂತಾಮಣಿ ತಾಲ್ಲೂಕುಗಳನ್ನು ಕೇಂದ್ರೀಯ ಅಂತರ್ಜಲ ಮಂಡಳಿಯು ಅಂತರ್ಜಲದ ಅತಿಬಳಕೆಯ ಪ್ರದೇಶಗಳೆಂದು ವರ್ಗೀಕರಿಸಿದೆ. ಕೊಳವೆಬಾವಿಯುಳ್ಳ ರೈತನಿಗೆ ತೂಬಿನ ಸರದಿ ಬೇಕಿಲ್ಲ. ಕೆರೆ ತುಂಬಿದರೆ ಚಂದಾ ಕೊಡದೆಯೂ ಅವನ ಬಾವಿಯಲ್ಲಿ ನೀರೇರುತ್ತದೆ. ಕೊಳವೆಬಾವಿ ಕೊರೆಸಲಾರದ ಸಣ್ಣ ಹಿಡುವಳಿದಾರನಿಗೆ ಸಿಗುವುದು ತೂಬಿನ ನೀರು ಮಾತ್ರ. ಆದ್ದರಿಂದ ನೀರನ್ನು ಇಂಗಲು ಬಿಡಬೇಕೆ, ಹರಿಸಬೇಕೆ ಎಂಬ ನಿರ್ಣಯವು ಸಂಘದೊಳಗೆ ಯಾರ ಮಾತು ನಡೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಹೆಬ್ಬಾಳ ಮತ್ತು ನಾಗವಾರ ಕಣಿವೆಗಳಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಎಚ್.ಎನ್. ವ್ಯಾಲಿ ಯೋಜನೆಯ ಉದ್ದೇಶವು ಅಂತರ್ಜಲ ಮರುಪೂರಣ. ಆ ಕೆರೆಗಳಲ್ಲಿ ತೂಬು ತೆಗೆಯುವ ಪ್ರಶ್ನೆಯೇ ಬಹುಮಟ್ಟಿಗೆ ಏಳುವುದಿಲ್ಲ.