ಹತ್ತೊಂಬತ್ತನೆಯವರಾಗಿ ಬಂದ ನಮ್ಮ ಫಡೆಪ್ಪ

ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ ಯಾರು? ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದರೆ ತುಂಬಾ ಜನ 1952ರ ಹೆಲ್ಸಿಂಕಿಯಲ್ಲಿ ಓಡಿದ ಸೂರತ್ ಸಿಂಗ್ ಮಾಥುರ್ ಹೆಸರು ಹೇಳುತ್ತಾರೆ. ಸ್ವತಂತ್ರ ಭಾರತದ ಮಟ್ಟಿಗೆ ಅದು ಸರಿ. ಆದರೆ ಅದಕ್ಕೂ 32 ವರ್ಷ ಮೊದಲೇ ಒಬ್ಬರು ಆ ಕೆಲಸ ಮುಗಿಸಿ ಬಂದಿದ್ದರು. ಅವರು ಫಡೆಪ್ಪ ದರೆಪ್ಪ ಚೌಗುಲೆ. ನಮ್ಮ ಬೆಳಗಾವಿ ಜಿಲ್ಲೆಯವರು!

ಘಟಪ್ರಭೆ ಹುಕ್ಕೇರಿ ತಾಲೂಕಿನ ಹಿಡಕಲ್ ದಾಟಿ, ಗೋಕಾಕದಲ್ಲಿ ಬಂಡೆಯಿಂದ ಧುಮುಕಿ, ಮುಂದೆ ಮೂಡಲಗಿಯ ಹೊಲಗಳ ಕಡೆಗೆ ಹರಿಯುತ್ತಾಳೆ. ಫಡೆಪ್ಪನವರ ಊರು ಪಟಗುಂದಿ ಈ ಮೂಡಲಗಿ ಸೀಮೆಯದು. ಮೂಡಲಗಿ ಈಗ ತಾಲೂಕು, ಮೊದಲು ಗೋಕಾಕ ತಾಲೂಕಿಗೆ ಸೇರಿತ್ತು. ಗೋಕಾಕ ಅಂದರೆ ನಮಗೆ ಕರದಂಟು ನೆನಪಾಗುತ್ತೆ, ಜಲಪಾತ ನೆನಪಾಗುತ್ತೆ. ಒಲಿಂಪಿಕ್ಸ್ ನೆನಪಾಗುವುದಿಲ್ಲ ಅಲ್ವಾ?

ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಈ ಭಾಗದ ಓಟಗಾರರಿಗೆ ದೊಡ್ಡ ಮೈದಾನ ಅಂದರೆ ಪುಣೆ. ಅಲ್ಲಿನ ಡೆಕ್ಕನ್ ಜಿಮ್‌ಖಾನಾ ನಡೆಸುತ್ತಿದ್ದ ಕ್ರೀಡಾಕೂಟಕ್ಕೆ ಸರ್ ದೋರಾಬ್ಜಿ ಟಾಟಾ ಅಧ್ಯಕ್ಷರು. ಹಳ್ಳಿಗಳಿಂದ ಬಂದ ರೈತರ ಮಕ್ಕಳು ಬರಿಗಾಲಲ್ಲಿ ಓಡುತ್ತಿದ್ದರು. ತರಬೇತಿ ಇಲ್ಲ, ಬೂಟು ಇಲ್ಲ. ಆದರೂ ಅವರಲ್ಲಿ ಕೆಲವರ ಓಟ ಯುರೋಪಿನವರ ಮಟ್ಟಕ್ಕೆ ಹತ್ತಿರವಿದೆ ಅನ್ನುವುದು ಟಾಟಾ ಕಣ್ಣಿಗೆ ಬಿತ್ತು. ಇವರನ್ನು ಯಾಕೆ ಒಲಿಂಪಿಕ್ಸ್‌ಗೆ ಕಳಿಸಬಾರದು ಅಂತ ಓಡಾಡಿ, ತಮ್ಮ ಕೈಯಿಂದಲೂ ದುಡ್ಡು ಹಾಕಿ, 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಒಂದು ಪುಟ್ಟ ತಂಡ ಕಳಿಸಿದರು. ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು 1927ರಲ್ಲಿ, ಹಾಕಿ ಚಿನ್ನ ಬಂದಿದ್ದು 1928ರಲ್ಲಿ. ಇದು ಅದಕ್ಕೆಲ್ಲ ಮೊದಲಿನ ಮಾತು.

ಆ ತಂಡದಲ್ಲಿ ಬಂಗಾಳದ ಪೂರ್ಮಾ ಬ್ಯಾನರ್ಜಿ ಇದ್ದರು, ಸಾತಾರದ ದಾತಾರ್ ಇದ್ದರು, ಕುಸ್ತಿಯಲ್ಲಿ ನಾಲ್ಕನೇ ಸ್ಥಾನ ಪಡೆದು ಸ್ವಲ್ಪದರಲ್ಲೇ ಪದಕ ತಪ್ಪಿಸಿಕೊಂಡ ರಣಧೀರ ಶಿಂಧೆ ಇದ್ದರು. ಜೊತೆಗೆ ನಮ್ಮ ಫಡೆಪ್ಪ.

ಮ್ಯಾರಥಾನ್ ನಡೆದಿದ್ದು 1920ರ ಆಗಸ್ಟ್ 22ರಂದು. ಮಳೆ, ಚಳಿ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್ ಅಂತ ನಮಗೆಲ್ಲ ಗೊತ್ತು. ಆದರೆ ಆಗಿನ್ನೂ ಆ ಅಳತೆ ಖಾಯಂ ಆಗಿರಲಿಲ್ಲ. ಆಂಟ್‌ವರ್ಪ್‌ನ ದಾರಿ 42.75 ಕಿಲೋಮೀಟರ್! ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಹೊರಟವರು 48 ಮಂದಿ, ಮುಟ್ಟಿದವರು 35. ದಾತಾರ್ ದಾರಿಯಲ್ಲೇ ನಿಲ್ಲಬೇಕಾಯಿತು. ಫಿನ್ಲೆಂಡಿನ ಹನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದರು. ಫಡೆಪ್ಪ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಹತ್ತೊಂಬತ್ತನೆಯವರಾಗಿ ಬಂದರು.

"ಹತ್ತೊಂಬತ್ತಾ? ಅಷ್ಟೇನಾ?" ಅನ್ನಬೇಡಿ. ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ! ಅವರ ವೇಗ ಕಿಲೋಮೀಟರಿಗೆ ಹೆಚ್ಚುಕಡಿಮೆ ಸರಿಯಾಗಿ ನಾಲ್ಕು ನಿಮಿಷ. ಅಂದರೆ ಗಂಟೆಗೆ 15 ಕಿಲೋಮೀಟರ್. ಕಾಲೇಜಿನ 400 ಮೀಟರ್ ಟ್ರ್ಯಾಕ್‌ನಲ್ಲಿ ಒಂದು ಸುತ್ತನ್ನು 96 ಸೆಕೆಂಡಿನಲ್ಲಿ ಓಡಿ ನೋಡಿ. ಆಯ್ತಾ? ಈಗ ನಿಲ್ಲದೆ ಇನ್ನೂ 106 ಸುತ್ತು ಹಾಗೇ ಓಡಿ. ಪಟಗುಂದಿಯ ಫಡೆಪ್ಪ ಮಾಡಿದ್ದು ಅದನ್ನೇ.

ಇನ್ನೊಂದು ಲೆಕ್ಕ. ಇದೇ ವೇಗದಲ್ಲಿ ಈಗಿನ 42.195 ಕಿಲೋಮೀಟರ್ ಓಡಿದ್ದರೆ ಸುಮಾರು 2 ಗಂಟೆ 48 ನಿಮಿಷ 30 ಸೆಕೆಂಡ್ ಆಗುತ್ತಿತ್ತು. 1952ರಲ್ಲಿ ಮಾಥುರ್ ತೆಗೆದುಕೊಂಡ ಸಮಯ 2 ಗಂಟೆ 58 ನಿಮಿಷ 9 ಸೆಕೆಂಡ್. ಬೇರೆ ಊರು, ಬೇರೆ ದಾರಿ, ಬೇರೆ ಹವೆ, ಹಾಗಾಗಿ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಮಾಥುರ್ ಅವರ ಸಾಧನೆಯೂ ಸಣ್ಣದಲ್ಲ. ಆದರೆ ಫಡೆಪ್ಪ ಸುಮ್ಮನೆ ಭಾಗವಹಿಸಿ ಬಂದವರಲ್ಲ ಅನ್ನುವುದಕ್ಕೆ ಇಷ್ಟು ಸಾಕು. 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾದರು. 2016ರ ರಿಯೋದಲ್ಲಿ ಗೋಪಿ 25ನೆಯವರು, ಖೇತಾ ರಾಮ್ 26ನೆಯವರು. ಅವರು ಎದುರಿಸಿದ ಪೈಪೋಟಿ 1920ಕ್ಕಿಂತ ಎಷ್ಟೋ ಪಟ್ಟು ಕಠಿಣ, ನಿಜ. ಆದರೂ ಈ ಸಾಲಿನಲ್ಲಿ ಫಡೆಪ್ಪನವರಿಗೆ ಒಂದು ಜಾಗ ಇರಲೇಬೇಕು.

ಹಾಗಿದ್ದರೆ ನಾವು ಮರೆತಿದ್ದು ಯಾಕೆ? ನನಗೆ ಅನ್ನಿಸುವುದು ಹೀಗೆ. ಓಡಿದ್ದು ಬ್ರಿಟಿಷ್ ಆಳ್ವಿಕೆಯ ಭಾರತಕ್ಕೆ, ಹೋಗಿದ್ದು ಪುಣೆಯ ದಾರಿಯಲ್ಲಿ, ಪ್ರಾಂತ್ಯ ಮುಂಬಯಿ. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಹಳೆಯ ದಾಖಲೆಗಳಲ್ಲಿದ್ದ ಹೆಸರುಗಳು ಗಡಿಯ ಜೊತೆ ಸರಿದು ಬರಲಿಲ್ಲ. ಇನ್ನು ಚೌಗುಲೆ ಅನ್ನುವ ಬರಹ ನೋಡಿದ ಕೂಡಲೇ ಮರಾಠಿಯವರು ಇರಬೇಕು ಅಂದುಕೊಂಡು ಮುಂದೆ ಹೋಗುತ್ತೇವೆ. ನಮ್ಮ ಕಡೆ ಅದೇ ಚೌಗಲಾ. ಊರ ಪಾಟೀಲನ ಕೈಕೆಳಗೆ ಕೆಲಸ ನೋಡುತ್ತಿದ್ದವನ ಹುದ್ದೆಯ ಹೆಸರು, ಆಮೇಲೆ ಮನೆತನದ ಹೆಸರಾಯಿತು. ಫಡೆಪ್ಪ, ದರೆಪ್ಪ ಎರಡರ ಕೊನೆಯಲ್ಲೂ ನಮ್ಮ 'ಅಪ್ಪ' ಕೂತಿದ್ದಾನಲ್ಲ, ಇನ್ನೇನು ಬೇಕು! ಹಾಗಂತ ಮರಾಠಿಗರ ಜೊತೆ ಜಗಳಕ್ಕೆ ಹೋಗಬೇಕಿಲ್ಲ. ಪುಣೆಯ ಮೈದಾನ ಇಲ್ಲದಿದ್ದರೆ ಫಡೆಪ್ಪ ಆಂಟ್‌ವರ್ಪ್ ನೋಡುತ್ತಿರಲಿಲ್ಲ. ಹೆಮ್ಮೆಯಲ್ಲಿ ಇಬ್ಬರಿಗೂ ಪಾಲಿದೆ. ನಮ್ಮ ಪಾಲನ್ನು ನಾವು ಕೇಳೇ ಇಲ್ಲ, ಅಷ್ಟೇ.

ಅವರ ಹೆಸರನ್ನು ಕನ್ನಡ ಅಕ್ಷರದಲ್ಲಿ ಹುಡುಕುವವರಿಗೆ ಇನ್ನೊಂದು ಪುಟ ಸಿಗಲಿ ಅಂತ ಇದನ್ನು ಬರೆದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಹಿರಿಯರ ಹತ್ತಿರ ಈ ಹೆಸರು ಎತ್ತಿ. ಅವರು ಹೇಳಿದ್ದನ್ನು ನೀವೂ ಬರೆಯಿರಿ.